ಸುಣ್ಣದ ಗೆರೆಯೊಳಗೆ ಅತ್ತೆ

ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸುಣ್ಣ ಇನ್ನೂ ಇದೆ, ಎರಡು ಸಲ ಕಾಲು ತೊಳೆದರೂ ಹೋಗಿಲ್ಲ, ಹೊಲಿಗೆ ಮೆಷಿನ್ನಿನ ಪೆಡಲ್ ತುಳಿದಾಗಲೆಲ್ಲ ಬೆಳ್ಳಗೆ ಕಾಣುತ್ತದೆ — ಬಟ್ಟೆಯ ಅಂಚಿಗೂ ಹತ್ತಿರಬೇಕು, ಹತ್ತಲಿ, ಈ ಅಂಗಿಯ ತೋಳೊಂದು ಕೂಡಿಸಿಬಿಟ್ಟರೆ ಎದ್ದು ನೋಡುತ್ತೇನೆ, ತೋಳು ಸರಿಯಾಗಿ ಕೂತಿದೆ, ಇದು ನನಗೆ ಬರುವ ಕೆಲಸ, ಇಷ್ಟು ವರ್ಷದಲ್ಲಿ ಯಾರ ಅಂಗಿಯ ತೋಳೂ ಹಿಂದುಮುಂದಾಗಿಲ್ಲ, ಅದೇ ಧೈರ್ಯ ತಾನೇ ತಲೆಗೇರಿದ್ದು. ಮನೆ ನಾನೇ ನಿಂತು ಕಟ್ಟಿಸುತ್ತೇನೆ, ಗುತ್ತಿಗೆದಾರ ಬೇಡ, ಮೇಸ್ತ್ರಿ ಬಡಗಿ ಎಲ್ಲರನ್ನೂ ನಾನೇ ಕರೆಸುತ್ತೇನೆ ಎಂದು ಊಟದ ನಡುವೆ ಹೇಳಿಬಿಟ್ಟೆ, ಇವರು ತಟ್ಟೆಯಿಂದ ತಲೆ ಎತ್ತದೆ ನೋಡು, ನಿನ್ನಿಷ್ಟ ಎಂದರು, ಮದುವೆಯಾದಾಗಿನಿಂದ ಇವರು ನಿನ್ನಿಷ್ಟ ಅಂದರೆ ಬೇಡ ಅಂತಲೇ, ಅದಕ್ಕೇ ನನ್ನ ಹಟ ಇನ್ನೂ ಬಿಗಿಯಾಯಿತು. ಅಣ್ಣ ಫೋನಿನಲ್ಲಿ ನಕ್ಕ, ಮನೆ ಕಟ್ಟಿ ನೋಡು ಅಂತ ಸುಮ್ನೆ ಹೇಳಿಲ್ಲ ಕಣೇ, ನಾನು ನೋಡಿದೀನಿ, ಪ್ಲಂಬರ್ ಬಂದ ದಿನ ಗಾರೆಯವನಿಲ್ಲ, ಗಾರೆಯವನು ಬಂದ ದಿನ ಮರಳಿಲ್ಲ — ಅಣ್ಣ ತಾನೇ ಕಟ್ಟಿಸಿದ ಮನೆಯಲ್ಲಿ ಬಚ್ಚಲ ನೀರು ಇವತ್ತಿಗೂ ಬಾಗಿಲ ಕಡೆಗೇ ಹರಿಯುತ್ತದೆ, ಹರಿಯಲಿ, ಅವನಿಗಾಗದ್ದು ನನಗಾಗುತ್ತದೆ ಎಂದುಕೊಂಡೆ, ಬಟ್ಟೆ ಕತ್ತರಿಸುವವಳಿಗೆ ಅಳತೆ ಹೇಳಿಕೊಡಬೇಕೇ. ಗುತ್ತಿಗೆದಾರ ಮಾತ್ರ ಇವತ್ತು ಸಂಜೆಯೊಳಗೆ ಹೇಳಿಬಿಡಿ, ಇಲ್ಲಾಂದ್ರೆ ಬೇರೆ ಕೆಲಸ ಹಿಡೀತೀನಿ ಎಂದಿದ್ದ.

ಹಳೆಯ ಪತ್ರಿಕೆಯಲ್ಲಿ ಒಂದೊಂದು ಕೋಣೆಯನ್ನೂ ಕತ್ತರಿಸಿದ್ದೆ, ಅಡುಗೆಮನೆ, ನಡುಮನೆ, ಬಚ್ಚಲು, ಅತ್ತೆಯ ಕೋಣೆ, ಬಟ್ಟೆಯ ಮೇಲೆ ತೋಳು ಬೆನ್ನು ಕಾಲರು ಹರಡಿಕೊಳ್ಳುವ ಹಾಗೆ ಸೈಟಿನ ಅಳತೆ ಬರೆದ ಹಾಳೆಯ ಮೇಲೆ ಒಂದಕ್ಕೊಂದು ಒತ್ತಿ ಹರಡಿದ್ದೆ, ಬೆರಳಗಲ ಬಟ್ಟೆಯೂ ದಂಡವಾಗಬಾರದು, ಕೈಗೆ ಹತ್ತಿದ ಚಾಳಿ — ಸೈಟಿನ ತುಂಬ ಕೋಣೆಗಳು ಎಷ್ಟು ಚೆನ್ನಾಗಿ ಕೂತವು, ಒಂದು ಚೂರೂ ಉಳಿಯಲಿಲ್ಲ, ಆ ಖುಷಿಗೆ ಊಟವೇ ಸೇರಲಿಲ್ಲ. ಇವತ್ತು ಬೆಳಿಗ್ಗೆ ಅದನ್ನೇ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಎಳೆಯಲು ಹೋದದ್ದು, ಅತ್ತೆ ನಾನೂ ಬರ್ತೀನಿ ಎಂದು ಹೊರಟರು, ಮುಂಬಾಗಿಲು ಬರುವ ಜಾಗ ತೋರಿಸಿದರೆ ಅಲ್ಲೇ ಚಪ್ಪಲಿ ಬಿಟ್ಟರು, ಗೋಡೆಯಿಲ್ಲ ಸೂರಿಲ್ಲ, ಬರೀ ಮಣ್ಣು, ಅವರಿಗೆ ಆಗಲೇ ಮನೆ, ನನ್ನ ಕೋಣೆ ಎಲ್ಲಿ ಎಂದರು, ಇಲ್ಲೇ ನಿಂತಿರಿ ಎಂದು ಅವರ ಸುತ್ತಲೇ ಗೆರೆ ಸುರಿದೆ. ಆ ಕಡೆ ಬಚ್ಚಲು, ಈ ಕಡೆ ಉಗ್ರಾಣ, ಮುಂದೆ ನಾವು ಮಲಗುವ ಕೋಣೆ, ಹಿಂದೆ ಪಕ್ಕದವರ ಕಾಂಪೌಂಡು. ಎಲ್ಲ ಮುಗಿಸಿ ಸೊಂಟ ನೆಟ್ಟಗೆ ಮಾಡಿ ನೋಡಿದರೆ ಅತ್ತೆ ನಿಂತಲ್ಲೇ ಇದ್ದಾರೆ. ಬನ್ನಿ ಹೋಗೋಣ ಎಂದೆ. ಎಲ್ಲಿಂದ ಬರ್ಲಿ ಎಂದರು. ದಿಂಬಿನ ಚೀಲಕ್ಕೂ ಬಾಯಿ ಬಿಡ್ತೀಯಲ್ಲೇ, ನನ್ನ ಕೋಣೆಗೆ ಬಿಡ್ಲಿಲ್ವಾ.

ನಗು ಬಂತು, ಹಿಂದೆಯೇ ಗೆರೆಗಳನ್ನೆಲ್ಲ ಇನ್ನೊಮ್ಮೆ ನೋಡಿದೆ — ಓಡಾಡುವುದಕ್ಕೆ ಜಾಗವನ್ನೇ ಬಿಟ್ಟಿರಲಿಲ್ಲ, ನನ್ನ ಕಣ್ಣಿಗೆ ಅದೆಲ್ಲ ದಂಡವಾಗುವ ಬಟ್ಟೆ, ಇದೇ ಗೆರೆಯ ಮೇಲೆ ಗೋಡೆ ಎದ್ದಿದ್ದರೆ, ಹೊಲಿಗೆಯಾದರೆ ಬಿಚ್ಚಿ ಮತ್ತೆ ಹಾಕಬಹುದು, ಗೋಡೆಯನ್ನು ಯಾವ ಬ್ಲೇಡಿನಿಂದ ಬಿಚ್ಚಲಿ. ಅಲ್ಲೇ ನಿಂತು ಗುತ್ತಿಗೆದಾರನಿಗೆ ಫೋನು ಮಾಡಿದೆ, ನೀವೇ ಕಟ್ಟಿ, ನಕ್ಷೆನೂ ನೀವೇ ಮಾಡಿಸಿ, ನಾನು ಕೇಳೋದು ಒಂದೇ, ಅತ್ತೆ ಕೋಣೆಗೆ ಅಗಲವಾದ ಬಾಗಿಲು. ಆಯ್ತಕ್ಕ ಎಂದ. ಸೋತೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ, ಬಿಗಿ ಕಾಲರಿನ ಗುಂಡಿ ಕಳಚಿದ ಹಾಗೆ ಉಸಿರು ಸಲೀಸಾಯಿತು, ಇನ್ನು ಸಿಮೆಂಟು ಚೀಲ ನೆನೆಯಿತೇ ಎಂದು ನಿದ್ದೆಗೆಡಬೇಕಿಲ್ಲ, ಬಾರದ ಬಡಗಿಯ ದಾರಿ ಕಾಯಬೇಕಿಲ್ಲ, ಅಣ್ಣ ನಗುವಷ್ಟು ನಗಲಿ, ಮಧ್ಯಾಹ್ನ ಇವರಿಗೆ ಹೇಳಿದರೆ ಇನ್ನೊಮ್ಮೆ ಬಡಿಸಿಕೊಂಡು ತಿಂದರು, ಅಷ್ಟು ಸಾಕು, ಇನ್ನೊಂದು ತೋಳು ಎಲ್ಲಿಟ್ಟೆ, ಇಲ್ಲಿದೆ, ಹಾಯಾಗಿದೆ, ನಿಜವಾಗಿಯೂ ಹಾಯಾಗಿದೆ — ಆದರೆ ಅತ್ತೆ, ಒಂದು ಹೆಜ್ಜೆ ಎತ್ತಿಟ್ಟಿದ್ದರೆ ಹೊರಗೆ, ಪುಡಿ ಸುಣ್ಣ ಅಷ್ಟೇ, ಗಾಳಿ ಬೀಸಿದರೆ ಹಾರಿಹೋಗುವಂಥದ್ದು, ದಾಟಲಿಲ್ಲ, ನಾನು ಕೂತು ಅಂಗೈಯಲ್ಲಿ ಗೆರೆ ಒರೆಸಿ ಬಾಗಿಲು ಮಾಡುವವರೆಗೂ ಕಾದರು, ಸೂಜಿ ನಿಂತಿದೆ, ಕಾಲು ಪೆಡಲ್ ಮೇಲೇ ಇದೆ, ಬಿಸಿಲಲ್ಲಿ, ಬರಿಗಾಲಲ್ಲಿ, ನಾನು ಎಳೆದ ಗೆರೆಯೊಳಗೆ, ಅತ್ತೆ