ಸೀಸದ ಬಿಲ್ಲೆ

ಸುಷ್ಮಾ ಕಾವಲಿಗೆ ಹಿಟ್ಟು ಹುಯ್ದು ಇನ್ನೂ ಸವರಿರಲಿಲ್ಲ, ಜಗಲಿಯಿಂದ ಕಿರಿಮಗಳು ಬಿಂದು ಕೂಗಿದಳು.

“ಅಮ್ಮಾ, ನನ್ನ ಪಾಟಿಚೀಲ ಎತ್ತಕ್ಕೇ ಆಗ್ತಿಲ್ಲ.”

ಸೌಟು ಹಿಡಿದುಕೊಂಡೇ ಹೋದ ಸುಷ್ಮಾ ಚೀಲದೊಳಗೆ ಕೈ ಹಾಕಿದಳು. ಪುಸ್ತಕಗಳ ಅಡಿಯಲ್ಲಿ ತಣ್ಣಗೆ, ಭಾರವಾಗಿ ಸೀಸದ ಬಿಲ್ಲೆಗಳು. ಯಾರ ಕೆಲಸವೆಂದು ಕೇಳಬೇಕಾಗಿರಲಿಲ್ಲ. ಹಿರಿಮಗಳು ವಿನಯಾ ಕಂಬಕ್ಕೆ ಒರಗಿ ಜಡೆಯ ರಿಬ್ಬನ್ನು ಬಿಚ್ಚುತ್ತ ಕಟ್ಟುತ್ತ ನಿಂತಿದ್ದಳು.

ಬಿಲ್ಲೆಗಳು ಅಪ್ಪನವು. ದುರ್ಗೇಶ ಮೊದಲು ಮೈಸೂರಿನಲ್ಲಿ ರೇಸಿನ ಕುದುರೆಗಳನ್ನು ಬೆಳಗಿನ ಹೊತ್ತು ಓಡಿಸಿ ಪಳಗಿಸುತ್ತಿದ್ದವನು. ಈಗ ಹೊಸನಗರದಲ್ಲಿ ಲಗೇಜ್ ಆಟೋ ಇಟ್ಟಿದ್ದಾನೆ. ಮೈಸೂರಿನಿಂದ ಬರುವಾಗ ತಂದದ್ದು ಕುದುರೆಯ ಜೀನಿನ ಕೆಳಗೆ ಹಾಕುವ ಜೇಬಿನ ಬಟ್ಟೆ ಮತ್ತು ಆ ಜೇಬುಗಳಿಗೆ ತುಂಬುವ ಈ ಸೀಸ, ಅಷ್ಟೆ. ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಮಕ್ಕಳಿಬ್ಬರನ್ನೂ ಓಡಿಸುವಾಗ ಆ ಬಟ್ಟೆಗೆ ಸೀಸ ತುಂಬಿ ವಿನಯಾಳ ಸೊಂಟಕ್ಕೆ ಕಟ್ಟುತ್ತಾನೆ. ಬಿಂದು ಹಗುರವಾಗಿ ಓಡುತ್ತಾಳೆ. ಈಗೀಗ ಅವಳೇ ಮುಂದೆ. ಗೆದ್ದವಳನ್ನು “ನನ್ನ ಮರಿ” ಎಂದು ಹೆಗಲ ಮೇಲೆ ಕೂರಿಸಿಕೊಂಡು ಅಪ್ಪ ಮನೆಗೆ ಬರುತ್ತಾನೆ. ವಿನಯಾ ಸೊಂಟದ ಗಂಟನ್ನು ತಾನೇ ಬಿಚ್ಚಿಕೊಳ್ಳುತ್ತ ಹಿಂದೆ ಬರುತ್ತಾಳೆ. ಆಮೇಲೆ ತಟ್ಟೆಗೆ ಕೂತರೆ ತಂಗಿಯ ದೋಸೆಯನ್ನು ತನ್ನ ದೋಸೆಯ ಜೊತೆ ಕಣ್ಣಲ್ಲೇ ಅಳೆಯುತ್ತಾಳೆ. ಸುಷ್ಮಾ ಎಲ್ಲ ನೋಡಿದ್ದಳು. ದೊಡ್ಡವಳಾದ ಮೇಲೆ ಸರಿಹೋಗುತ್ತದೆ ಎಂದು ಸುಮ್ಮನಿದ್ದಳು.

ಆಟೋ ಒರೆಸುತ್ತಿದ್ದ ದುರ್ಗೇಶ ಜಗಲಿಗೆ ಬಂದು ಬಿಲ್ಲೆಗಳನ್ನು ನೋಡಿ ನಕ್ಕುಬಿಟ್ಟ.

“ಎಂತ ಮಾರಾಯ್ತಿ, ಮರಿ ಮೇಲೆ ಭಾರ ಹಾಕದಾ?”

“ಅವಳು ಹೊತ್ಕೊಂಡ್ರೆ ಗೊತ್ತಾಗ್ತದೆ,” ಎಂದಳು ವಿನಯಾ.

“ಹೊಟ್ಟೆಕಿಚ್ಚು ಅಕ್ಕಂಗೆ,” ಎಂದು ಬಿಂದು ಅಪ್ಪನ ಬೆನ್ನ ಹಿಂದೆ ಸೇರಿಕೊಂಡಳು. ಅವನ ಕೈ ತಾನಾಗಿಯೇ ಅವಳ ತಲೆಯ ಮೇಲೆ ಹೋಯಿತು. ವಿನಯಾ ಆ ಕೈಯನ್ನೇ ನೋಡಿದಳು.

“ಸುಮ್ನಿರು ಬಿಂದು,” ಎಂದಳು ಸುಷ್ಮಾ. “ನೀವಾದ್ರೂ ದೊಡ್ಡವಳಿಗೆ ಸರಿಯಾಗಿ ಹೇಳಿ.”

ದುರ್ಗೇಶ ಮೆಟ್ಟಿಲ ಮೇಲೆ ಕೂತ. “ಸೊಂಟಕ್ಕೆ ಕಟ್ಟೋ ಭಾರ ಶಿಕ್ಷೆ ಅಲ್ಲ ಮಗ. ಮೂರು ವರ್ಷದ ಕುದುರೆ, ನಾಲ್ಕು ವರ್ಷದ ಕುದುರೆ ಒಟ್ಟಿಗೆ ಓಡಿದ್ರೆ ದೊಡ್ಡದಕ್ಕೆ ಭಾರ ಜಾಸ್ತಿ ಇಡ್ತಾರೆ. ಸಣ್ಣದಕ್ಕೆ ಮೈಯಲ್ಲಿ ಇನ್ನೂ ಬಲ ತುಂಬಿರಲ್ಲ ನೋಡು.”

“ಯಾವಾಗ್ಲೂ ಅಷ್ಟೇ ಇಡ್ತಾರಾ?” ಸುಷ್ಮಾ ಕೇಳಿದಳು.

“ಇಲ್ಲಪ್ಪ. ತಿಂಗಳು ಕಳೆದಂಗೆ ಸಣ್ಣದು ಬಲಿತಾ ಬರ್ತದಲ್ಲ, ಅದಕ್ಕೆ ತಕ್ಕಂಗೆ ವ್ಯತ್ಯಾಸ ಕಮ್ಮಿ ಮಾಡ್ತಾ ಹೋಗ್ತಾರೆ. ಎರಡೂ ಪೂರ್ತಿ ಬಲಿತ ಮೇಲೆ ಸಮ.”

ಒಳಗಿಂದ ದೋಸೆ ಸೀದ ವಾಸನೆ ಬಂತು. ಸುಷ್ಮಾ ಕದಲಲಿಲ್ಲ. ವಿನಯಾ ರಿಬ್ಬನ್ನು ಬಿಟ್ಟು ಬಂದು, ಬಿಲ್ಲೆಗಳನ್ನೆಲ್ಲ ಬಾಚಿ ಅಪ್ಪನ ಮಡಿಲಿಗೆ ಹಾಕಿದಳು.

“ಬಿಂದುಗೆ ಬಲ ಬಂದು ಎಷ್ಟು ದಿನ ಆಯ್ತು ಅಪ್ಪಯ್ಯ. ನನ್ನ ಸೊಂಟದಿಂದ ಒಂದು ಬಿಲ್ಲೆನೂ ಯಾಕೆ ತೆಗಿಲಿಲ್ಲ ನೀನು?”