ಮೆಟ್ಟಿಲಿಲ್ಲದ ಮನೆಯಲ್ಲಿ ಮೆಟ್ಟಿಲಿನಿಂದ ಬಿದ್ದ ದೇವಿಂದ್ರಪ್ಪ

ಈ ಮುದುಕನಿಗೆ ಮರೆವು, ಬಾಯಿಗೆ ಬಂದದ್ದು ಸೇರಿಸಿ ಹೇಳುತ್ತಾನೆ ಎಂದು ಬೆನ್ನ ಹಿಂದೆ ಗೊಣಗುವವರೇ, ಮೊನ್ನೆ ರಾತ್ರಿ ನೀವು ಏನು ಉಂಡಿರಿ, ಹೇಳಿ ನೋಡೋಣ. ನೆನಪಿಲ್ಲ ತಾನೇ? ಹಾಗಾದರೆ ಸುಮ್ಮನೆ ಕೇಳಿ. ದೇವಿಂದ್ರಪ್ಪನ ಬ್ಯಾಟರಿ ಸ್ಕೂಟರ್ ಹಸಿರು ಬಣ್ಣದ್ದು. ಕಾಲಿಡುವ ಜಾಗದಲ್ಲಿ ನಿಲ್ಲಿಸಿದ್ದ, ನೆಲಕ್ಕೆ ಹಾಸುವ ಫರ್ಸಿ ಕಲ್ಲು ಎರಡು. ಪುಡಿಯಾದದ್ದು ಎಡ ಮೊಣಕಾಲು. ಇದರಲ್ಲಿ ಒಂದು ಸುಳ್ಳಿದ್ದರೆ ವಾಡಿಯ ಯಾವ ಚಹಾದಂಗಡಿಯಲ್ಲಾದರೂ ಕೇಳಿ ಬನ್ನಿ.

ಶಹಾಬಾದದ ಒಂದು ಖಾಸಗಿ ದವಾಖಾನೆಯ ಮೇಲಂತಸ್ತಿನಲ್ಲಿ ಮುಸರತ ಕೂರುತ್ತಾಳೆ. ಅವಳದು ಕೋಡಿಂಗ್ ಕೆಲಸ. ರೋಗಿಗೆ ಏನಾಯಿತು, ಹೇಗಾಯಿತು ಎಂದು ಡಾಕ್ಟರು ಬರೆದದ್ದನ್ನು ಓದಿ, ಅದಕ್ಕೆ ತಕ್ಕ ನಂಬರನ್ನು ದೊಡ್ಡದೊಂದು ಪಟ್ಟಿಯಲ್ಲಿ ಹುಡುಕಿ ಕಂಪ್ಯೂಟರಿಗೆ ಹಾಕಬೇಕು. ಆ ನಂಬರ್ ನೋಡಿಯೇ ವಿಮೆಯವರು ಹೂಂ ಅನ್ನುವುದು, ಊಹೂಂ ಅನ್ನುವುದು. ಪಟ್ಟಿಯನ್ನು ಯಾವ ದೇಶದ ಪುಣ್ಯಾತ್ಮರು ಕೂತು ಮಾಡಿದರೋ, ಗಿಳಿ ಕಚ್ಚಿದರೂ ಅದರಲ್ಲೊಂದು ನಂಬರಿದೆ. ಆದರೆ ಕಾಗದದಲ್ಲಿ ಬರೆಯದೇ ಇದ್ದದ್ದು ಲೋಕದಲ್ಲಿ ನಡೆದೇ ಇಲ್ಲ. ಅದು ಮುಸರತಳ ಕೆಲಸದ ಮೊದಲ ನಿಯಮ.

ಒಂದು ಬೆಳಗ್ಗೆ ದೇವಿಂದ್ರಪ್ಪನ ಫೈಲು ವಾಪಸ್ ಬಂತು. ಮನೆಯ ಮೆಟ್ಟಿಲಿನಿಂದ ಬಿದ್ದ ಎಂದು ಕೇಸ್ ಪೇಪರಿನಲ್ಲಿತ್ತು, ಅವಳೂ ಬಿದ್ದವರ ನಂಬರನ್ನೇ ಹಾಕಿದ್ದಳು. ಮೆಟ್ಟಿಲಿನಿಂದ ಬಿದ್ದವನ ಮೊಣಕಾಲು ಹೀಗೆ ಚೂರಾಗುವುದಿಲ್ಲ, ನಿಜ ತಿಳಿಸುವ ತನಕ ಎರಡನೇ ಆಪರೇಷನ್ನಿಗೆ ಒಪ್ಪಿಗೆಯಿಲ್ಲ ಎಂದು ವಿಮೆಯವರು ಬರೆದಿದ್ದರು. ಹತ್ತು ದಿನದೊಳಗೆ ಆಪರೇಷನ್ ಆಗದಿದ್ದರೆ ಕಾಲು ಕೋಲಿನ ಹಾಗೆ ನೆಟ್ಟಗೇ ಉಳಿಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ದೇವಿಂದ್ರಪ್ಪ ಫರ್ಸಿ ಹಾಸುವವನು, ದಿನವಿಡೀ ಕುಕ್ಕರಗಾಲಲ್ಲಿ ಕೂತು ದುಡಿಯುವವನು. ಮೊಣಕಾಲು ಮಡಚದಿದ್ದರೆ ಅವನು ನಿಂತುಕೊಂಡು ಏನು ಆಕಾಶಕ್ಕೆ ಕಲ್ಲು ಹಾಸಬೇಕೇ?

ಮುಸರತ ಫೈಲನ್ನು ಮ್ಯಾನೇಜರ್ ಲಕ್ಷ್ಮಿಕಾಂತನ ಮುಂದಿಟ್ಟಳು. ಹತ್ತು ವರ್ಷದ ನೌಕರಿಯಲ್ಲಿ ಆ ಮಹಾಶಯ ಪೂರ್ತಿ ಓದಿದ್ದು ಕ್ಯಾಂಟೀನಿನ ಬೋರ್ಡು ಮಾತ್ರ.

"ಅದೇ ನಂಬರ್ ಹಾಕಿ ಮತ್ತ ಕಳಸು ತಂಗಿ. ಯಾರ್ ಓದ್ತಾರ ಅದನ್ನ?"

"ಓದ್ಯಾರಲ್ರಿ ಸರ್, ಅದಕ್ಕೇ ತಿರುಗಿ ಬಂದದ."

ಅವಳು ನೇರ ವಾರ್ಡಿಗೆ ಇಳಿದು ಹೋದಳು. ಮಂಚದ ಪಕ್ಕ ದೇವಿಂದ್ರಪ್ಪನ ಹೆಂಡತಿ ಜಗದೇವಿ ರೊಟ್ಟಿ ಗಂಟು ಬಿಚ್ಚುತ್ತಿದ್ದಳು.

"ಅಕ್ಕಾ, ನಿಮ್ಮ ಮನಿಗಿ ಪಾವಟಿಗಿ ಎಷ್ಟ್ ಅವರಿ?"

ಮೆಟ್ಟಿಲಿನ ಲೆಕ್ಕ ಕೇಳಿದ್ದೇ ಜಗದೇವಿ ಗಂಡನ ಮುಖ ನೋಡಿದಳು. ಗಂಡ ಫ್ಯಾನು ನೋಡಿದ.

"ಅವ... ಒಂದ್ ನಾಕ್."

"ಎಲ್ಲಿಗಿ ಹೋಗ್ತಾವ?"

"ಮ್ಯಾಲ."

"ಮ್ಯಾಲ ಏನದ?"

"ಏನಿಲ್ಲ."

ಆಗ ಎದ್ದುನಿಂತದ್ದು ಜಗದೇವಿಯ ಅಣ್ಣ ಭೀಮಾಶಂಕರ. ಒಮ್ಮೆ ಯಾರದೋ ಮೇಕೆಯ ಜಗಳದಲ್ಲಿ ಸಾಕ್ಷಿ ಹೇಳಲು ಚಿತ್ತಾಪುರದ ಕೋರ್ಟಿನ ಕಟ್ಟೆ ಹತ್ತಿದ್ದ. ಅಂದಿನಿಂದ ಕಾನೂನೆಲ್ಲ ತನ್ನ ಅಂಗಿಯ ಜೇಬಿನಲ್ಲಿದೆ ಎಂದೇ ಅವನ ನಂಬಿಕೆ.

"ನಂಬರ್ ಹಾಕಾಕಿ ನೀ, ನಂಬರ್ ಹಾಕ್. ಪೊಲೀಸರ ಕೆಲಸ ನಿನಗ್ಯಾಕ ಬೇಕು? ರೈಲಿನ ಸುದ್ದಿ ಎತ್ತಿದ್ರ ಇಂಜಿನಿಗಿ ಗೀರ್ ಬಿದ್ದದ ಅಂತ ನಮ್ಮ ಹೊಲ ಬರಸ್ಕೋತಾರ."

"ನಾ ರೈಲಿನ ಸುದ್ದಿ ಎತ್ತೇ ಇಲ್ಲಲ್ರಿ ಕಾಕಾ," ಎಂದಳು ಮುಸರತ.

ವಾರ್ಡಿನಲ್ಲಿದ್ದ ಆರೂ ರೋಗಿಗಳು ನಕ್ಕರು. ಪಕ್ಕೆಲುಬು ಮುರಿದವನು ನಕ್ಕು ಅತ್ತ.

ನಡೆದದ್ದು ಇಷ್ಟು. ರಾವೂರಿನ ಕಡೆ ಗಣಿಗೆ ಹೋಗುವ ಹಳಿಯ ಮೇಲೆ ಇಂಜಿನ್ನು ಖಾಲಿ ಗೂಡ್ಸ್ ಡಬ್ಬಿ ತಳ್ಳಿಕೊಂಡು ನಡಿಗೆಯ ವೇಗದಲ್ಲಿ ಬರುತ್ತದೆ. ಹಳಿ ದಾಟುವ ಉಬ್ಬಿನ ಮೇಲೆ, ಎರಡು ಕಲ್ಲಿನ ಭಾರಕ್ಕೆ ಸ್ಕೂಟರಿನ ಬ್ಯಾಟರಿ ಕೈಕೊಟ್ಟಿತು. ಇಂಜಿನ್ನಿನ ಹಾರ್ನ್ ಕೂಗುತ್ತಲೇ ಇತ್ತು. ಇಳಿದು ಓಡುವುದು ಬಿಟ್ಟು ನಮ್ಮ ಶೂರ, ಪಾಲಿಶ್ ಮಾಡಿಸಿದ ಕಲ್ಲು ಒಡೆದಾವು ಎಂದು ಕೂತಲ್ಲೇ ಕೂತು ಗುಂಡಿ ಒತ್ತುತ್ತಿದ್ದ. ಡಬ್ಬಿಯ ಮೂಲೆ ಬಡಿಯಿತು. ಸ್ಕೂಟರಿಗೂ ಕಲ್ಲಿಗೂ ನಡುವೆ ಮೊಣಕಾಲು ಸಿಕ್ಕಿತು. ಕಲ್ಲು ಮಾತ್ರ ಒಡೆಯಲಿಲ್ಲ.

ಇನ್ನು ನಮ್ಮ ಕಡೆಯ ಜನರ ಜಾಣತನ ಕೇಳಬೇಕೆ? ಸೇಡಂನಿಂದ ಚಿಂಚೋಳಿಯವರೆಗೆ ದವಾಖಾನೆಯ ಗೇಟಿನಲ್ಲಿ ಎಲ್ಲರ ಕತೆಯೂ ಬದಲಾಗುತ್ತದೆ. ಟ್ರ್ಯಾಕ್ಟರಿನಿಂದ ಬಿದ್ದವನು ಬಚ್ಚಲಲ್ಲಿ ಜಾರುತ್ತಾನೆ, ಹೊಡೆತ ತಿಂದವನು ಕಟ್ಟೆಯಿಂದ ಉರುಳುತ್ತಾನೆ. ಪೊಲೀಸರ ಕಾಗದವೆಂದರೆ ಅಷ್ಟು ಹೆದರಿಕೆ. ಭೀಮಾಶಂಕರ ಬಾಯಲ್ಲೇ ಮೆಟ್ಟಿಲು ಕಟ್ಟಿಸಿದ್ದು ಆ ಗೇಟಿನಲ್ಲಿಯೇ. ತಂಗಿಯ ಮನೆ ಒಂದೇ ಅಂತಸ್ತಿನದು, ಹೊಸ್ತಿಲು ಬಿಟ್ಟರೆ ಹತ್ತಲು ಏನೂ ಇಲ್ಲ ಎಂಬುದು ಆ ವಕೀಲನಿಗೆ ಹೊಳೆಯಲೇ ಇಲ್ಲ. ಇತ್ತ ಇಂಜಿನ್ನಿನ ಕತೆಯನ್ನು ಚಹಾದಂಗಡಿಯಲ್ಲಿ ಮೂರು ಬಗೆಯಾಗಿ ಹೇಳಿ ಬಂದವನೂ ಅವನೇ.

ಮುಸರತ ಹೋಗಿ ಇದನ್ನು ಹೇಳಿದಾಗ ಡಾಕ್ಟರು ಕೈ ಚೆಲ್ಲಿದರು. "ಇವತ್ತ್ ಇವರು ಮಾತ್ ತಿರುಗಿಸಿದ್ರ ನಾವೇ ಕಲಿಸೀವಿ ಅಂತಾರಮ್ಮಾ ವಿಮೆಯವರು. ಆವತ್ತೇ ಬರೆದದ್ದು ಏನರ ಇದ್ರ ತಾ."

ಯಾರೂ ಓದದ ಹಾಳೆಗಳನ್ನೆಲ್ಲ ಮುಸರತ ಒಂದೊಂದಾಗಿ ತಿರುವಿದಳು. ಮೊದಲ ದಿನ ಗಾಯ ತೊಳೆದವಳು ನರ್ಸ್ ಉಮಾದೇವಿ. ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ಗಾಯದಿಂದ ಕರಿ ಗ್ರೀಸು, ತುಕ್ಕಿನ ಚೂರು, ಜಲ್ಲಿ ಪುಡಿ ತೆಗೆಯಲಾಯಿತು. ಕೆಳಗೆ ತಾರೀಖು, ವೇಳೆ, ಸಹಿ. ಯಾವ ಮನೆಯ ಮೆಟ್ಟಿಲಿಗೆ ಗ್ರೀಸು ಹಚ್ಚಿರುತ್ತಾರೆ? ಅಷ್ಟು ದೊಡ್ಡ ದವಾಖಾನೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದವಳು ಅವಳೊಬ್ಬಳೇ.

ಇನ್ನು ಮನೆಯವರು ನಿಜ ಹೇಳಿ ಸಹಿ ಹಾಕಬೇಕಿತ್ತು. ಭೀಮಾಶಂಕರ ಬಾಗಿಲಿಗೆ ಅಡ್ಡ ನಿಂತ.

"ಸಹಿ ಮಾಡಿದ್ರ ನಾಳಿಗಿ ಪೊಲೀಸ್ ಬರ್ತಾರ ನೋಡ್."

"ಬರ್ಲಿ, ಚಾ ಕುಡಸ್ತೀನಿ," ಎಂದಳು ಜಗದೇವಿ. "ಇವರು ಕಾಲ್ ಚಾಚ್ಕೊಂಡ್ ಕುಂತ್ರ ನೀ ಬಂದ್ ಫರ್ಸಿ ಹಾಸ್ತಿ ಏನಣ್ಣಾ? ನಿನಗ ಬಗ್ಗಿ ಚಪ್ಲಿ ಹಾಕ್ಕೊಳ್ಳಾಕ ಬರಲ್ಲ. ಸರಿ ಆಚಿಗಿ."

ಅವನು ಸರಿದ. ಅವಳು ಸಹಿ ಹಾಕಿದಳು, ಡಾಕ್ಟರು ತಿದ್ದಿ ಬರೆದರು, ಪೊಲೀಸರಿಗೂ ಚೀಟಿ ಹೋಯಿತು.

ಕೊನೆಗೆ ಲಕ್ಷ್ಮಿಕಾಂತನಿಗೆ ಹುರುಪು ಬಂತು. ಕಂಪ್ಯೂಟರಿನ ಮುಂದೆ ಬಗ್ಗಿ ಬೆರಳಿಟ್ಟ. "ನೋಡಿಲ್ಲಿ, ಎಲೆಕ್ಟ್ರಿಕ್ ಸ್ಕೂಟರ್, ರೈಲು, ಎರಡೂ ಒಂದೇ ನಂಬರ್‌ನ್ಯಾಗ ಅವ. ಒತ್ತು!"

"ಅದು ನಿಂತ್ಕೊಂಡ್ ಹೋಗೋ ಹಲಗಿ ಗಾಡಿ ಸರ್. ಅದರ ಮ್ಯಾಲಿದ್ದವ ನಡಕೊಂಡ್ ಹೋಗಾಂವ ಅಂತ ಲೆಕ್ಕ. ಇವರು ಸೀಟಿನ ಮ್ಯಾಲ ಕುಂತಿದ್ರು. ಪೂರಾ ಓದ್ರಿ ಸ್ವಲ್ಪ."

ಅವಳು ಮೋಟರಿನ ದ್ವಿಚಕ್ರ ಗಾಡಿಯ ಸವಾರನಿಗೆ ರೈಲು ಬಡಿದ ನಂಬರ್ ಹಾಕಿ, ಉಮಾದೇವಿಯ ಹಾಳೆ ಜೊತೆಗಿಟ್ಟು ಕಳಿಸಿದಳು. ಮೂರನೇ ದಿನ ಒಪ್ಪಿಗೆ ಬಂತು, ಏಳನೇ ದಿನ ಆಪರೇಷನ್ ಆಯಿತು. ಪೊಲೀಸಪ್ಪನೂ ಬಂದ. ಒಂದು ಹಾಳೆ ಬರೆದುಕೊಂಡು, "ಕಲ್ಲು ಮುಖ್ಯನೋ ಕಾಲು ಮುಖ್ಯನೋ ನಿನಗ?" ಎಂದು ಬೈದು, ಜಗದೇವಿ ಕೊಟ್ಟ ಚಹಾ ಕುಡಿದು ಹೋದ. ಹೊಲದ ಸುದ್ದಿ ಯಾರೂ ಎತ್ತಲಿಲ್ಲ.

ಈಗ ದೇವಿಂದ್ರಪ್ಪ ಮತ್ತೆ ಕುಕ್ಕರಗಾಲಲ್ಲಿ ಕೂರುತ್ತಾನೆ. ಏಳುವಾಗ ಮೊಣಕಾಲು ಲಟಕ್ ಎನ್ನುತ್ತದೆ, ಅಷ್ಟೇ. ಭೀಮಾಶಂಕರ ಮಾತ್ರ, ನಿಜ ಹೇಳಿರೆಂದು ಬುದ್ಧಿ ಹೇಳಿದ್ದೇ ತಾನು ಎಂದು ಅದೇ ಚಹಾದಂಗಡಿಯಲ್ಲಿ ಸಾರುತ್ತಿದ್ದಾನೆ.

ಅದಕ್ಕೇ ಹೇಳುವುದು, ಇದನ್ನು ನಿಮ್ಮ ನಿಮ್ಮ ಮನೆಯವರಿಗೆಲ್ಲ ದಾಟಿಸಿ. ದವಾಖಾನೆಗೆ ಯಾರನ್ನು ಹೊತ್ತು ಒಯ್ದರೂ ಆದದ್ದನ್ನು ಆದ ಹಾಗೆ ಹೇಳಲಿ. ನೀವೂ ಹೇಳುವಾಗ ನಾನು ಹೇಳಿದಷ್ಟೇ ಹೇಳಿ. ಆ ಬಡವನ ಮನೆಗೆ ಇನ್ನೊಂದು ಮೆಟ್ಟಿಲು ಕಟ್ಟಬೇಡಿ.