ಚೌಕದೊಳಗಿನ ಸಹಿ

ಕಂಪ್ಯೂಟರಿನ ತೆರೆಯ ಮೇಲೆ ಎರಡು ಸಹಿ. ಮೇಲಿನದು ಅಂಚೆ ಮತಕ್ಕೆ ಅರ್ಜಿ ಹಾಕುವಾಗ ಮಾಡಿದ್ದು, ಕೆಳಗಿನದು ಮತದ ಲಕೋಟೆಯ ಜೊತೆ ಈಗ ಬಂದದ್ದು. ಎರಡೂ ಒಬ್ಬರದೇ ಅನ್ನಿಸಿದರೆ ಹಸಿರು ಗುಂಡಿ, ಅನುಮಾನ ಬಂದರೆ ಕೆಂಪು. ಬೆಳಿಗ್ಗೆ ಒಂಬತ್ತರಿಂದ ವತ್ಸಲಾ ಇದನ್ನೇ ಮಾಡುತ್ತಿದ್ದಳು, ಬೇಸರವೆಂಬುದೇ ಬಂದಿರಲಿಲ್ಲ. ಪುಣ್ಯಾತ್ಮನೊಬ್ಬ ಹುಟ್ಟಿದ ತಾರೀಖು ಬರೆಯುವ ಜಾಗದಲ್ಲಿ ಹೋದ ಸೋಮವಾರದ ತಾರೀಖು ಬರೆದಿದ್ದ. ‘ಸೋಮವಾರ ಹುಟ್ಟಿ ಸೋಮವಾರನ ಓಟು ಹಾಕ್ಯದ, ಭಾಳ ಶಾಣ್ಯಾ ಕೂಸು’ ಎಂದುಕೊಂಡು ಒಳಗೊಳಗೇ ನಕ್ಕಳು.

ಚುನಾವಣೆ ನಡೆಸುವ ಕೌನ್ಸಿಲ್‌ನವರಿಗೆ ನಾಲ್ಕು ದಿನದ ಮಟ್ಟಿಗೆ ಜನ ಬೇಕೆಂದು ಅವಳಿದ್ದ ಸ್ಟ್ಯಾನ್ಮೋರಿನ ಲೈಬ್ರರಿಯಲ್ಲಿ ಚೀಟಿ ಅಂಟಿಸಿದ್ದರು. ಕೆಂಪು ಅಂಚೆ ಡಬ್ಬಿಗೆ ಬಿದ್ದ ಮತದ ಲಕೋಟೆ ಆಮೇಲೆ ಎಲ್ಲಿಗೆ ಹೋಗುತ್ತದೆಂದು ಕಣ್ಣಾರೆ ನೋಡುವ ಆಸೆಗೆ ಅವಳು ಹೆಸರು ಕೊಟ್ಟಿದ್ದಳು. “ನಿನಗ್ಯಾಕ ಈ ಉಸಾಬರಿ?” ಎಂದಿದ್ದ ಗಂಡ ಡಾಕ್ಟರ್ ಉದಯಶಂಕರ.

ಆಸೆಗೆ ಇನ್ನೊಂದು ಕಾರಣವೂ ಇತ್ತು. ಇಷ್ಟು ವರ್ಷ ಮನೆಗೆ ಬಂದ ಇಬ್ಬರ ಮತದ ಲಕೋಟೆಗಳನ್ನೂ ಉದಯಶಂಕರನೇ ಒಡೆದು, ತುಂಬಿ, ಅಂಟಿಸಿ ಹಾಕಿಬಿಡುತ್ತಿದ್ದ. ವತ್ಸಲಾ ಅಡುಗೆಮನೆಯಿಂದ ಈಚೆ ಬರುವ ಅಗತ್ಯವೂ ಇರಲಿಲ್ಲ. ಈ ಸಲ ಅವನು ಸಮ್ಮೇಳನಕ್ಕೆಂದು ಎಡಿನ್‌ಬರೋಗೆ ಹೋಗಿದ್ದಾಗ ಲಕೋಟೆ ಬಂತು. ಅವಳು ಮೂರು ದಿನ ಎಲ್ಲ ಪಕ್ಷಗಳ ಕರಪತ್ರ ಓದಿ, ಇಬ್ಬರು ಅಭ್ಯರ್ಥಿಗಳ ನಡುವೆ ಒದ್ದಾಡಿ, ಕೊನೆಗೆ ತಾನೇ ಗುರುತು ಹಾಕಿ ಸಹಿ ಮಾಡಿದಳು. ಈ ದೇಶಕ್ಕೆ ಬಂದು ಇಪ್ಪತ್ತೆಂಟು ವರ್ಷಕ್ಕೆ ಅವಳದೇ ಎನ್ನುವ ಮೊದಲ ಓಟು ಅದು. ಡಬ್ಬಿಗೆ ಹಾಕಿ ಬರುವಾಗ ಹುಡುಗಿಯ ಹಾಗೆ ಖುಷಿಪಟ್ಟಿದ್ದಳು.

ಊಟಕ್ಕೆ ಏಳಲು ಹತ್ತು ನಿಮಿಷವಿದ್ದಾಗ ತೆರೆಯ ಮೇಲೆ ಅವಳ ಹೆಸರೇ ಬಂತು.

ಕೆಳಗಿನದು ಕನ್ನಡದ ಸಹಿ. ಮದುವೆಗೆ ಮೊದಲು ಧಾರವಾಡದ ಶಾಲೆಯ ಹಾಜರಿ ಪುಸ್ತಕಕ್ಕೆ ದಿನವೂ ಹಾಕುತ್ತಿದ್ದದ್ದು ಇದೇ. ಮೇಲಿನದು ಇಂಗ್ಲಿಷಿನದು. ಸರ್ರನೆ ಎಳೆದ ಗೀಟು, ಅದರಡಿ ಎರಡು ಚುಕ್ಕೆ. ಆ ಚುಕ್ಕೆಗಳು ಯಾರವು ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಗಂಡ ಬರೆಯುವ ಪ್ರತಿ ಔಷಧಿ ಚೀಟಿಯ ಕೊನೆಗೂ ಅವು ಇರುತ್ತಿದ್ದವು.

ತನ್ನದೇ ಕಾಗದ ಬಂದರೆ ಮೇಲ್ವಿಚಾರಕರನ್ನು ಕರೆಯಬೇಕೆಂಬುದು ನಿಯಮ. ವತ್ಸಲಾ ಕೈ ಎತ್ತಿದಳು. ಮೇಲ್ವಿಚಾರಕಿ ಅಂಕಿತಾ ಬಂದಳು. ಮೈಸೂರಿನವರ ಮಗಳು, ಹುಟ್ಟಿ ಬೆಳೆದದ್ದು ಈ ದೇಶದಲ್ಲೇ, ಫೆಲ್ಥಮ್‌ನಲ್ಲಿ. ಕನ್ನಡ ಪೂರಾ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

“ಇದು ನಂದ ಬಂದದ ನೋಡವಾ.”

“ಓಹ್! ಸ್ಟೆಪ್ ಬ್ಯಾಕ್ ಪ್ಲೀಸ್, ಆಂಟಿ.” ಅಂಕಿತಾ ಬಗ್ಗಿ ಮೇಲೆ ಕೆಳಗೆ ನೋಡಿದಳು. “ವಿಚ್ ಒನ್ ಈಸ್ ಯುವರ್ಸ್?”

“ಮ್ಯಾಲಿಂದು ಬ್ಯಾರೆಯವ್ರು ಹಾಕಿದ್ದಾದ್ರ ಏನಾಗ್ತದ?”

“ದೆನ್ ಇಟ್ಸ್ ಅ ಪೊಲೀಸ್ ಮ್ಯಾಟರ್.”

ವತ್ಸಲಾಗೆ ಸಿಟ್ಟು ಬಂದಿತ್ತು. ಆ ಚುಕ್ಕೆಗಳ ಮೇಲೆ, ಅವನ ಮೇಲೆ, ಅದಕ್ಕಿಂತ ಹೆಚ್ಚಾಗಿ ಇಷ್ಟು ವರ್ಷ ಕೇಳದೆ ಕೂತ ತನ್ನ ಮೇಲೆ. ಆದರೂ ಪೊಲೀಸರು ಮನೆಯ ಗಂಟೆ ಒತ್ತುವುದು ಕಣ್ಣಿಗೆ ಕಟ್ಟಿತು.

“ಎರಡೂ ನಮ್ಮ ಮನೀವ,” ಎಂದಳು.

ಅಂಕಿತಾ ಇನ್ನೊಮ್ಮೆ ತೆರೆಯತ್ತ ಬಗ್ಗಿದಳು. “ಸಾರಿ, ಆಂಟಿ. ದೇ ಡೋಂಟ್ ಮ್ಯಾಚ್,” ಎಂದು ಕೆಂಪು ಗುಂಡಿ ಒತ್ತಿದಳು.

“ಒಳಗಿನ ಓಟು?”

“ನೋಬಡಿ ವಿಲ್ ಓಪನ್ ಇಟ್.” ಅಂಕಿತಾ ದನಿ ತಗ್ಗಿಸಿದಳು. “ಎಲೆಕ್ಷನ್ ಆದ್ಮೇಲೆ ಲೆಟರ್ ಬರುತ್ತೆ. ಹೊಸ ಸೈನ್ ಕೇಳ್ತಾರೆ. ನೀವೇ ಹಾಕಿ, ಆಂಟಿ.” ಬೆಳಗಿನಿಂದ ಆ ಹುಡುಗಿ ಆಡಿದ ಮೊದಲ ಕನ್ನಡ ಅದು.

ಮೂರು ದಿನ ಒದ್ದಾಡಿ ಹಾಕಿದ ಗುರುತು ಮುಚ್ಚಿದ ಲಕೋಟೆಯಲ್ಲೇ ತಿರಸ್ಕೃತವೆಂದು ಬರೆದ ಪೆಟ್ಟಿಗೆ ಸೇರಿತು. ವತ್ಸಲಾ ಡಬ್ಬಿಯ ಚಿತ್ರಾನ್ನವನ್ನು ಮುಚ್ಚಳ ತೆಗೆಯದೆ ಮನೆಗೆ ವಾಪಸು ತಂದಳು. ಗಂಡನಿಗೆ ಏನೂ ಹೇಳಲಿಲ್ಲ. ಕಾಗದ ಬರಲಿ ಎಂದು ಕಾದಳು.

ಅದು ಬಂದಾಗ ಚುನಾವಣೆ ಮುಗಿದು ಎರಡು ತಿಂಗಳಾಗಿತ್ತು. ಶನಿವಾರ, ಉಪ್ಪಿಟ್ಟಿನ ಹೊತ್ತು. ಉದಯಶಂಕರ ಎಂದಿನಂತೆ ಎಲ್ಲ ಲಕೋಟೆಗಳನ್ನೂ ತಾನೇ ಒಡೆದ.

“ನಿನ್ನ ಸಹಿ ತಾಳೆ ಆಗಿಲ್ಲಂತ. ಹೊಸಾದು ಬೇಕಂತ. ಇರ್ಲಿ ಬಿಡು, ಹಾಕಿ ಕಳಸ್ತೀನಿ.” ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದ.

“ಇಲ್ಲೆ ಕೊಡ್ರಿ.”

“ಯಾಕ? ಯಾವಾಗ್ಲೂ ನಾನ...”

“ಅದಕ್ಕ ನನ್ನ ಓಟು ಹೋತು. ನಿಮ್ಮ ಎರಡು ಚುಕ್ಕಿ ನನ್ನ ಹೆಸರಿನ ಕೆಳಗ ಇದ್ದದ್ದು ನಾನ ನೋಡೀನ್ರಿ. ಅಲ್ಲೇ ಕೂತು, ಈ ಕಣ್ಣಿಂದನ.”

ಅವನ ಮುಖ ಬಿಳಿಚಿತು. “ಯಾರಿಗರ ಹೇಳಿದೇನು?”

“ಓಟು ಹೋತಂದೆ. ನೀವು ಕೇಳೋದು ಇದನ್ನ?”

ವತ್ಸಲಾ ಕೈ ಚಾಚಿ ಪೆನ್ನು ತೆಗೆದುಕೊಂಡಳು, ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು. ಸಹಿಯ ಚೌಕದ ಗೀಟು ದಾಟಬಾರದೆಂದು ಸೂಚನೆಯಿತ್ತು. ಹಾಜರಿ ಪುಸ್ತಕಕ್ಕೆ ಹಾಕುತ್ತಿದ್ದ ಹಾಗೆ, ಆತುರವಿಲ್ಲದೆ, ಚೌಕದ ಈ ಅಂಚಿನಿಂದ ಆ ಅಂಚಿನವರೆಗೆ ಕನ್ನಡದಲ್ಲಿ ಸಹಿ ಹಾಕಿದಳು. ಶಾಯಿ ಆರಲೆಂದು ಮೆಲ್ಲಗೆ ಊದಿದಳು. ಎದುರಿಗೆ ಉದಯಶಂಕರ ಪೆನ್ನಿನ ಮುಚ್ಚಳ ಹಿಡಿದುಕೊಂಡು ಕೂತಿದ್ದ.